ಗಂಜಿಯದೇನೂ ತಪ್ಪಿಲ್ಲ

ಇಬ್ರಾಹಿಂಪುರ, ವಿಜಯಪುರ
೯ ಜುಲೈ ೨೦೨೫

ಆಮ್ರಪಾಲಿ, ಜೈ ಭೀಮ್.

ಫೋನ್ ಮಾಡಿದರೆ ನಿನ್ನ ತಮ್ಮ ಕುನಾಲ ಎತ್ತಿ ಕಟ್ ಮಾಡುತ್ತಾನೆ. ಭಾನುವಾರ ಹೊನವಾಡಕ್ಕೆ, ನಿನ್ನ ತವರಿಗೆ ಬಂದಾಗಲೂ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅದಕ್ಕೇ ಈ ಕಾಗದವನ್ನು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಸೈಫುದ್ದೀನನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಿಟ್ಟಿನಲ್ಲಿ ಹರಿಯಬೇಡ, ಸುಮೇಧನ ಸಲುವಾಗಿ ಪೂರ್ತಿ ಓದು.

ನಮ್ಮ ಕೂಸು ಐದು ಕಿಲೋ ಒಂಬೈನೂರು ಗ್ರಾಮಿಗೆ ಇಳಿದಿದೆ, ಎರಡು ಸಲ ಸಲೈನ್ ಹಚ್ಚಿದ್ದಾರೆ, ಈಗ ಚಮಚ ಕಂಡರೇ ಮುಖ ತಿರುಗಿಸುತ್ತದೆ ಎಂದು ನಿಮ್ಮೂರಿನವರು ಹೇಳಿದರು. ಎಂಟು ತಿಂಗಳಿಗೆ ಅದೆಂಥ ತೂಕ. ತಿಕೋಟಾದ ಕೋಲ್ಡ್ ಸ್ಟೋರೇಜಿನಲ್ಲಿ ದಿನವಿಡೀ ಒಣದ್ರಾಕ್ಷಿ ಪೆಟ್ಟಿಗೆ ತೂಗುವವನು ನಾನು. ಅದು ಎಷ್ಟು ಹಗುರ ಎಂದು ನನ್ನ ಕೈಗೆ ಗೊತ್ತು.

ಕೂಸಿನ ಹೊಟ್ಟೆ ನಾಜೂಕು, ಹೊಸ ತಿನಿಸು ಒಂದು ಸಲಕ್ಕೆ ಒಂದೇ, ಮೂರು ದಿನ ಅದನ್ನೇ ಕೊಟ್ಟು ನೋಡಿ, ಅದು ಮತ್ತು ಎದೆಹಾಲು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ನೀನು ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಅವ್ವ ಜೋಳದ ಹಿಟ್ಟನ್ನು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ಗಂಜಿ ಕಾಯಿಸಿದಳು. ಮೂರನೆಯ ದಿನ ವಾಂತಿ, ಭೇದಿ. ನೀನು ಅವ್ವನ ಎದುರು ನಿಂತು, “ನಿಮ್ಮ ಕೈಯಾನ ಗಂಜಿ ನನ್ನ ಕೂಸಿಗೆ ಬ್ಯಾಡ್ರಿ” ಎಂದೆ. ಅವ್ವ ಬೋಗುಣಿ ತೊಳೆದು ಬೋರಲು ಹಾಕಿದಳು. ನಾನು ಗೋಡೆ ನೋಡುತ್ತ ನಿಂತಿದ್ದೆ.

ಆಮೇಲೆ ಹೆಸರುಬೇಳೆಯ ಕಟ್ಟು, ಬಾಳೆಹಣ್ಣು, ಎಲ್ಲಕ್ಕೂ ಅದೇ ಗತಿ. ಒಂದೊಂದರ ಮೇಲೂ ನೀನು ಕೆಂಪು ಗೀಟು ಎಳೆದೆ. ಕೊನೆಗೆ ಉಳಿದದ್ದು ಅನ್ನದ ತಿಳಿ. ಅದನ್ನು ಕುಡಿದು ಯಾವ ಕೂಸು ಬೆಳೆದೀತು? ಈ ಮನೆಯ ಅನ್ನವೇ ಬೇಡವೆಂದು ನೀನು ಕೂಸನ್ನು ಎತ್ತಿಕೊಂಡು ತವರಿಗೆ ಹೋದೆ.

ಇನ್ನು ನನ್ನದು ಹೇಳುತ್ತೇನೆ. ಸಂಜೆ ಕೂಸಿಗೆ ರೈಲು ತೋರಿಸಲು ಒಯ್ಯುತ್ತಿದ್ದೆನಲ್ಲ, ಆಗ ಚಹಾದಂಗಡಿಯಲ್ಲಿ ಎಮ್ಮೆ ಹಾಲಿಗೆ ಬಿಸ್ಕತ್ತು ನೆನೆಸಿ ತಿನ್ನಿಸುತ್ತಿದ್ದೆ. ದಿನಾ ನಾಲ್ಕು ಚಮಚ. ಅಲ್ಲಿ ಕುಳಿತವರು ಕೂಸು ಬಡಕಲು ಎಂದು ನಕ್ಕಿದ್ದರು. ಅವನು ಚಪ್ಪರಿಸಿ ಮತ್ತೆ ಬಾಯಿ ತೆರೆದಾಗ ನನಗೆ ಎಷ್ಟು ಸಂತೋಷವಾಯಿತು ಗೊತ್ತಾ. ಎಮ್ಮೆ ಹಾಲು ಕುಡಿದೇ ಬೆಳೆದವನು ನಾನು, ಇದರಿಂದ ಏನಾದೀತು ಎಂದುಕೊಂಡೆ. ಹೊಟ್ಟೆ ಕೆಟ್ಟಾಗ ಅನುಮಾನ ಬಂತು. ಆದರೆ ತಪ್ಪನ್ನು ಆಗಲೇ ಗಂಜಿಯ ತಲೆಗೆ ಕಟ್ಟಿಯಾಗಿತ್ತು, ಬಾಯಿ ಮುಚ್ಚಿಕೊಂಡೆ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಉಣಿಸಲು ಬಾರದವನ ಕೂಸಿಗೆ ಏನೆನ್ನುತ್ತಾರೋ.

ಇವತ್ತು ಮುಂಜಾನೆ ಡಾಕ್ಟರಿಗೆ ಎಲ್ಲ ಹೇಳಿದೆ. ಕೂಸಿಗೆ ಒಗ್ಗದ್ದು ಎಮ್ಮೆ ಹಾಲೋ ಬಿಸ್ಕತ್ತಿನ ಗೋಧಿಯೋ ನೋಡಬೇಕು, ಜೋಳ, ಬೇಳೆಯನ್ನು ಸುಮ್ಮನೆ ದೂರಿದಿರಿ ಎಂದರು. ಇವತ್ತೇ ಕರೆತರಲು ಹೇಳಿದ್ದಾರೆ. ಕರುಳು ಬಹಳ ಸೊರಗಿರಬಹುದು, ಭರವಸೆ ಕೊಡಲಾರೆ ಎಂದೂ ಹೇಳಿದರು. ಅವರ ಮುಖ ನೋಡಿದ ಮೇಲೆ ನನಗೂ ಧೈರ್ಯವಿಲ್ಲ.

ನೀನು ಕ್ಷಮಿಸುತ್ತೀ ಎಂಬ ಆಸೆ ಇಟ್ಟುಕೊಂಡಿಲ್ಲ. ಮನೆಗೆ ಬಾ ಎಂದೂ ಕೇಳುತ್ತಿಲ್ಲ. ಕುನಾಲನ ಜೊತೆ ಇದೇ ಬಸ್ಸಿಗೆ ಹೊರಟು ದವಾಖಾನೆಗೆ ಹೋಗು. ನಾನು ಹೊರಗೇ ಇರುತ್ತೇನೆ, ಎದುರಿಗೆ ಬರುವುದಿಲ್ಲ.

ಸುಮೇಧನ ಅಪ್ಪ ಎನ್ನಿಸಿಕೊಂಡವನು,
ರಾಜರತ್ನ

ಮರೆತ ಮಾತು: ಇಷ್ಟು ಬರೆದು ಅವ್ವನಿಗೆ ಓದಿ ಹೇಳಿದೆ. “ನನಗ ಗೊತ್ತಿತ್ತೋ ಯಪ್ಪಾ. ಕೂಸಿನ ಅಂಗಿ ಒಗಿಯುವಾಗ ದಿನಾ ಎಮ್ಮಿ ಹಾಲಿನ ವಾಸನಿ ಬರ್ತಿತ್ತು. ಬೈಗಳಾ ನನಗ ಬೀಳಲಿ, ನಿನ್ನ ಸಂಸಾರ ಉಳೀಲಿ ಅಂತ ಸುಮ್ಮನಾದೆ” ಎಂದಳು. ಅವಳು ತನ್ನ ಮಗನನ್ನು ಕಾಪಾಡಿಕೊಂಡಳು, ಆಮ್ರಪಾಲಿ. ನಾನು ನನ್ನ ಮಗನನ್ನು ಕಾಪಾಡಲಿಲ್ಲ.