ಹೀಟರ್ ಹಾಕಿ ಘಾಟಿ ಹತ್ತಿದವರು

ಬಳ್ಳಾರಿ, ೨೧೨೭, ಎರಡನೇ ಬೇಸಿಗೆಯ ಒಂಬತ್ತನೇ ದಿನ

ಮುತ್ತಜ್ಜಿ ಶಾಂಭವಿಯವರಿಗೆ ನಿಮ್ಮ ಮರಿಮೊಮ್ಮಗಳು ಚಾರುಮತಿಯ ನಮಸ್ಕಾರಗಳು. ನಿಮಗಿನ್ನೂ ಮಕ್ಕಳೇ ಆಗಿಲ್ಲ, ಆಗಲೇ ಮರಿಮೊಮ್ಮಗಳ ಪತ್ರ! ನಮ್ಮ ಕಾಲದ ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ.

ನಮಗೆ ವರ್ಷಕ್ಕೆ ಎರಡು ಬೇಸಿಗೆ. ಹನ್ನೊಂದರಿಂದ ನಾಲ್ಕರವರೆಗೆ ‘ನೆರಳುಗಂಟೆ’, ಆಗ ಯಾರೂ ಬೀದಿಗಿಳಿಯುವಂತಿಲ್ಲ. ನಾನು ಕಸುಬಿನಲ್ಲಿ ತಂಪುಗಾರ್ತಿ. ಮನೆಗಳ ಗೋಡೆಯೊಳಗೆ ತಣ್ಣೀರು ಹರಿಸುವ ಕೊಳವೆಗಳನ್ನು ರಿಪೇರಿ ಮಾಡುತ್ತೇನೆ. ಪೆಟ್ರೋಲ್ ಗಾಡಿಗಳಿಗೆ ವರ್ಷದಲ್ಲಿ ಒಂದೇ ದಿನ ರಸ್ತೆ ಬಿಡುತ್ತಾರೆ. ನಸುಕಿನಲ್ಲೇ ಶುರುವಾಗುವ ಆ ದಿನಕ್ಕೆ ‘ಹೊಗೆಹಬ್ಬ’ ಎನ್ನುತ್ತೇವೆ. ಅಂದು ನಿಮ್ಮ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಸಂಡೂರಿನ ಘಾಟಿ ಹತ್ತುತ್ತದೆ. ಹೌದು, ಇನ್ನೂ ಓಡುತ್ತಿದೆ! ಓಡಿಸುವವರು ನನ್ನ ಸೋದರತ್ತೆ ಮಂದಾಕಿನಿ, ನಿಮ್ಮ ಮೊಮ್ಮಗಳು. ಅವರಿಗೆ ಡ್ರೈವಿಂಗ್ ಕಲಿಸಿದವರು ನೀವೇ.

“ಘಾಟಿ ಹತ್ತುಮುಂದ ಹೀಟರ್ ಹಾಕ್ಬೇಕು, ಮರೀಬ್ಯಾಡ” ಎಂದು ನೀವು ಹೇಳಿಕೊಟ್ಟದ್ದನ್ನು ಅತ್ತೆ ಒಮ್ಮೆಯೂ ಮೀರಿದವರಲ್ಲ. ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿ ಒಳಗೆ ಬರುತ್ತದೆ, ಟೆಂಪರೇಚರ್ ಮುಳ್ಳು ಇಳಿಯುತ್ತದೆ, ಸರಿಯೇ. ಆದರೆ ಹೊರಗೆ ಬೆಳಗಿನ ಹೊತ್ತಿಗೇ ನಲವತ್ತೈದು ಡಿಗ್ರಿ, ಒಳಗೆ ಮೊಣಕಾಲಿನ ಮೇಲೆ ಬೆಂಕಿಯಂಥ ಗಾಳಿ! ಅಪ್ಪ ಒಮ್ಮೆ ಕೂತು ಅರ್ಧ ದಾರಿಯಲ್ಲೇ ಇಳಿದುಬಿಟ್ಟರಂತೆ. ಅತ್ತೆಯನ್ನು ಮೆಚ್ಚಿದ್ದ ಒಬ್ಬರು ಮೂರನೇ ತಿರುವಿನಲ್ಲಿ ಇಳಿದು ಹೋದವರು ಮತ್ತೆ ಮನೆ ಕಡೆ ತಲೆ ಹಾಕಲಿಲ್ಲ. ಆಮೇಲೆ ಪಕ್ಕದ ಸೀಟು ಖಾಲಿಯೇ. ಹೋದ ವರ್ಷ ಘಾಟಿಯ ತುದಿಯಲ್ಲಿ ಅತ್ತೆ ಎಚ್ಚರ ತಪ್ಪಿದರು. ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. “ಮನ್ಯಾಗ ಕುಂತ್ರೇನು ಸಾಯಂಗಿಲ್ಲೇನು?” ಎಂದರು ಅತ್ತೆ. ಈ ಹಟ ನಿಮ್ಮಿಂದಲೇ ಬಂದಿರಬೇಕು.

ಇಂಜಿನ್ ತಂಪು ಮಾಡುವ ರೇಡಿಯೇಟರನ್ನೇ ಬದಲಿಸುತ್ತೇನೆ ಎಂದಾಗ “ಅಜ್ಜಿ ಕಾಲದ್ದು, ಮುಟ್ಟಿದ್ರ ನೋಡು” ಎಂದು ಗದರಿದರು. ಆದರೂ ಅವರ ಕಣ್ಣೆದುರೇ ಬಾನೆಟ್ ಎತ್ತಿದೆ. ನೀರು ಇಳಿಸಿ, ಹೋಸ್ ಪೈಪ್ ಕಿತ್ತು, ಬೋಲ್ಟ್ ಬಿಚ್ಚಿದೆ. ಹಿತ್ತಾಳೆಯ ರೇಡಿಯೇಟರ್, ಎತ್ತಿದರೆ ಸೊಂಟ ಹಿಡಿಯಬೇಕು. ಮೇಲಿಂದ ಕೊಡ ನೀರು ಸುರಿದರೆ ಕೆಳಗೆ ತೊಟ್ಟು ತೊಟ್ಟು! ಕತ್ತರಿಸಿ ನೋಡಿದೆ. ನೀರು ಕಾಯಿಸುವ ಹಂಡೆಯ ತಳದಂತೆ ಒಳಗೆಲ್ಲ ಬಿಳಿ ಸುಣ್ಣ. ಕೂಲೆಂಟ್ ಹಾಕುವ ಜಾಗಕ್ಕೆ ಬೋರ್ ನೀರು ಸುರಿದಿದ್ದೀರಲ್ಲ, ಮುತ್ತಜ್ಜಿ! ಆಗ ಗೊತ್ತಾಯಿತು. ಹೀಟರ್ ಹಾಕುವುದು ಈ ಕಾರಿನ ನಿಯಮವೇ ಅಲ್ಲ. ರೇಡಿಯೇಟರ್ ಕ್ಲೀನ್ ಮಾಡಿಸುವವರೆಗೆ ಹೇಗೋ ನಡೆಯಲಿ ಎಂದು ನೀವು ಕಂಡುಕೊಂಡ ಉಪಾಯ. ಮಾಡಿಸುವುದು ಮರೆತುಹೋಯಿತು, ಉಪಾಯ ಮಾತ್ರ ಮನೆತನದ ಪದ್ಧತಿಯಾಗಿ ಉಳಿಯಿತು.

ಹೊಸದನ್ನು ಅಲ್ಯೂಮಿನಿಯಂನಲ್ಲಿ ನಾನೇ ಮಾಡಿದೆ. ಹಳೆಯದಕ್ಕಿಂತ ದಪ್ಪ, ಆದರೆ ಅದೇ ಬೋಲ್ಟುಗಳ ಮೇಲೆ ಕೂರುತ್ತದೆ; ಕಾರಿಗೆ ಹೊಸದಾಗಿ ಒಂದು ತೂತೂ ಕೊರೆದಿಲ್ಲ. ಬಿಸಿಯೇರಿದರೆ ತಾನೇ ತಿರುಗುವ ಕರೆಂಟ್ ಫ್ಯಾನ್ ಕೂರಿಸಿದೆ. ಹೋಸ್‌ಗಳೂ ಹೊಸವು. ಕೂಲೆಂಟ್ ತುಂಬಿ, ಕಾರಿನ ಮೂತಿ ಎತ್ತರಿಸಿ ನಿಲ್ಲಿಸಿ ಒಳಗೆ ಸಿಕ್ಕಿಕೊಂಡ ಗಾಳಿಯನ್ನೂ ತೆಗೆದೆ.

ಮೊನ್ನೆ ಹೊಗೆಹಬ್ಬದ ದಿನ ಅತ್ತೆಯ ಪಕ್ಕ ನಾನೇ ಕೂತೆ. ಏರು ಶುರುವಾದದ್ದೇ ತಡ, ಅವರ ಕೈ ಹೀಟರಿನ ಗುಂಡಿಗೆ ಹೋಯಿತು. ಆ ಕೈ ಹಿಡಿದುಕೊಂಡು “ಅತ್ತಿ, ಮುಳ್ಳು ನೋಡ್ರಿ” ಎಂದೆ. ಮುಳ್ಳು ಮಧ್ಯದಲ್ಲಿತ್ತು. ತುದಿ ಮುಟ್ಟುವವರೆಗೂ ಅಲ್ಲೇ ಇತ್ತು. ಇಂಜಿನ್ ಆಫ್ ಮಾಡಿ ಅತ್ತೆ ಮೊಣಕಾಲು ಸವರಿಕೊಂಡರು. “ಸುಡವಲ್ದಲ್ಲೇ” ಎಂದು ಮೊದಲು ನಕ್ಕರು, ಆಮೇಲೆ ಅತ್ತರು. “ಇಷ್ಟ ಇತ್ತೇನು? ಅಜ್ಜಿ ಒಂದ್ ಮಾತು ಹೇಳಬಾರದಿತ್ತೇನು?” ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ಇನ್ನೂ ಪೂರ್ತಿ ಇಳಿದಿಲ್ಲ.

ನಿಮಗಿನ್ನೂ ಸಮಯವಿದೆ. ಈ ತಿಂಗಳೇ ಆ ರೇಡಿಯೇಟರ್ ಬದಲಿಸಿ, ಬೋರ್ ನೀರು ಮಾತ್ರ ಹಾಕಬೇಡಿ. ಅದಾಗದಿದ್ದರೆ, ಮುಂದೆ ನಿಮ್ಮ ಮೊಮ್ಮಗಳಿಗೆ ಕಾರು ಕಲಿಸುವಾಗ ಹೀಟರಿನ ನಿಜ ಹೇಳಿಬಿಡಿ. ಅತ್ತೆಯ ಪಕ್ಕ ಕೂತು ಘಾಟಿ ಪೂರ್ತಿ ಹತ್ತಿದ ಮೊದಲಿಗಳು ನಾನು ಎಂಬ ಹೆಮ್ಮೆ ನನಗೆ ಕಡಿಮೆಯಿಲ್ಲ. ಅದು ಹೋದರೆ ಹೋಗಲಿ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಸೀಟಿನಲ್ಲಿ ಬೇರೆ ಯಾರಾದರೂ ತುದಿಯವರೆಗೆ ಕೂತಿರಲಿ.