ಜಜ್ಜಪ್ಪ ಯಾರಿಗೆ ಸೇರಿದ್ದು

ಅಖಂಡ ಭೂಮಂಡಲದ ಕಾಂಕ್ರೀಟ್ ಕುಲತಿಲಕರೂ, ಸಿಮೆಂಟು-ಮರಳು-ಜಲ್ಲಿಗಳ ತ್ರಿವೇಣಿ ಸಂಗಮದ ಸಾರ್ವಭೌಮರೂ, ಪರೀಕ್ಷೆಗೆ ಮೂರು ನಿಮಿಷ ತಡವಾದವರನ್ನು ಬಾಗಿಲಲ್ಲೇ ನಿಲ್ಲಿಸಿದ ವೀರಾಗ್ರಣಿಗಳೂ ಆದ, ಹಗರಿಬಯಲು ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ವಿಭಾಗದ ಮೊಟ್ಟಮೊದಲ ಮುಖ್ಯಸ್ಥರ ಪಾದಾರವಿಂದಗಳಲ್ಲಿ, ಅದೇ ವಿಭಾಗದ ಮೂರನೇ ವರ್ಷದ ವಿದ್ಯಾರ್ಥಿ ಕೊಟ್ರಬಸವನ ಸಾಷ್ಟಾಂಗ ನಮಸ್ಕಾರಗಳು.

ಇಂದು ಕ್ರಿ.ಶ. ೨೩೪೭, ಫೆಬ್ರವರಿ ೩೧. ನಮ್ಮಲ್ಲಿ ಫೆಬ್ರವರಿಗೆ ಅಷ್ಟು ದಿನ. ಅದು ಗಣಿತ ವಿಭಾಗದವರ ಸಾಧನೆ, ನಾವು ಆ ಕಡೆ ತಲೆ ಹಾಕುವುದಿಲ್ಲ. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮೆಯಿರಲಿ. ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ. ಓದು ಮುಗಿಯುವುದರೊಳಗೆ ಒಬ್ಬೊಬ್ಬರಿಗೆ ಒಂದೇ ಸಲ ಅವಕಾಶ. ಬೇರೆಯವರು ಮುತ್ತಜ್ಜಿಗೆ ಬರೆದು ಉಪ್ಪಿನಕಾಯಿಯ ಅಳತೆ ಕೇಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಅಕ್ಕನ ತಲೆ ಒಡೆಯಲಿದೆ. ಅದಕ್ಕೆ ಹೊಣೆ ನೀವು.

ಮೊದಲು ವಿಭಾಗದ ಚರಿತ್ರೆ. ನೀವು ಹಾಕಿಕೊಟ್ಟ ಪದ್ಧತಿಯನ್ನು ನಾವಿನ್ನೂ ಬಿಟ್ಟಿಲ್ಲ. ಹೊಸದಾಗಿ ಸೇರಿದವರೆಲ್ಲ ಆರಿಂಚಿನ ಕಾಂಕ್ರೀಟ್ ಕ್ಯೂಬ್ ಎರಕ ಹೊಯ್ದು, ಹಸಿಯಿರುವಾಗಲೇ ಮೊಳೆಯಿಂದ ಹೆಸರು, ತಾರೀಖು ಗೀರಿ, ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಆಮೇಲೆ ಮೆಷಿನ್ನಿನಲ್ಲಿ ಜಜ್ಜಿ ಅದರ ತಾಕತ್ತು ನೋಡಬೇಕು. ಮುಂದಿನ ತಿಂಗಳು ನಿಮ್ಮ ಲ್ಯಾಬಿಗೆ ಬರಲಿರುವ ಆ ಮೆಷಿನ್ ಈಗಲೂ ಗಟ್ಟಿಯಾಗಿದೆ. ಜಜ್ಜಪ್ಪ ಎನ್ನುತ್ತೇವೆ. ನನ್ನ ಕ್ಯೂಬನ್ನು ಅವನು ಮುಟ್ಟಿದ್ದೇ ತಡ, ಪುಡಿಪುಡಿ. ಲ್ಯಾಬ್ ನೋಡಿಕೊಳ್ಳುವ ಎರ್ರಿಸ್ವಾಮಣ್ಣ, "ಏನಪಾ, ಸಿಮೆಂಟ್ ಹಾಕಿದ್ಯೋ, ಇಲ್ಲಾ ಬರೀ ಮಂತ್ರ ಹಾಕಿದ್ಯೋ?" ಎಂದು ಎಲ್ಲರೆದುರು ಕೇಳಿದರು.

ಎರಡು ವರ್ಷದ ಕೆಳಗೆ ಮೆಕ್ಯಾನಿಕಲ್‌ನವರು ಎದ್ದರು. ಕ್ಯೂಬ್ ನಿಮ್ಮದಿರಬಹುದು, ಮೆಷಿನ್ ಅಂದಮೇಲೆ ನಮ್ಮದು, ಎಂದರು. ಕಡತಗಳನ್ನು ಗೆದ್ದಲು ತಿಂದಿತ್ತು. ಜಜ್ಜಪ್ಪನ ಮೈಯೆಲ್ಲ ತಡಕಿದೆವು. ಯಾರಿಗೆ ಸೇರಿದ್ದೆಂದು ಒಂದಕ್ಷರವಿಲ್ಲ. ಮುನ್ನೂರು ವರ್ಷ ಬಾಳುವ ಮೆಷಿನ್ ತಂದಿರಿ, ಒಂದು ಸಾಲು ಬರೆಯಲು ಕೈ ಬರಲಿಲ್ಲವೇ ಸ್ವಾಮಿ?

ಮೊದಲ ದಿನ ಮುಷ್ಟಿಯಲ್ಲಿ ಮುಗಿಯಿತು. ಎರಡನೇ ಸಲಕ್ಕೆ ಕ್ಯೂಬುಗಳು ಹಾರಿದವು. ಅವರು ಎಂಟು ಕೇಜಿಯ ಕ್ಯೂಬನ್ನು ಇನ್ನೂರು ಮೀಟರ್ ಎಸೆಯುವ ಕವಣೆ ಯಂತ್ರ ಮಾಡಿದರು, ನಾವು ಅದನ್ನು ತಡೆಯುವ ಗೋಡೆ ಕಟ್ಟಿದೆವು, ಅವರು ಅದನ್ನೂ ಸೀಳಿದರು. ಎರಡೂ ವಿಭಾಗಗಳ ಹೆಸರಾಂತ ಸಂಶೋಧನೆಗಳೆಲ್ಲ ಹುಟ್ಟಿದ್ದು ಹೀಗೆಯೇ; ಪ್ರಬಂಧಗಳ ಕೊನೆಯಲ್ಲಿ ಗಾಯಾಳುಗಳಿಗೆ ಕೃತಜ್ಞತೆ ಇರುತ್ತದೆ. ಆದರೂ ನಾವು ಇಂಜಿನಿಯರುಗಳು. ಇಪ್ಪತ್ತೆಂಟು ದಿನ ನೀರು ಕುಡಿಯದ ಕ್ಯೂಬ್ ಎಸೆಯುವುದು ನೀಚತನ. ಹಾಗಾಗಿ ಯುದ್ಧ ಇಪ್ಪತ್ತೊಂಬತ್ತನೇ ದಿನಕ್ಕೊಮ್ಮೆ ಮಾತ್ರ. ನಡುವಿನ ದಿನಗಳಿಗೆ ನೀರ್ಗಾಲ ಎನ್ನುತ್ತೇವೆ. ಆಗ ಎರಡೂ ಕಡೆಯ ಕ್ಯೂಬುಗಳು ಒಂದೇ ತೊಟ್ಟಿಯಲ್ಲಿ ಮಲಗಿರುತ್ತವೆ, ನಾವೂ ಒಂದೇ ಕ್ಯಾಂಟೀನಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತೇವೆ. ನನ್ನ ನೋಟ್ಸ್ ಕೇಳಿ ಒಯ್ದ ಮೆಕ್ಯಾನಿಕಲ್‌ನವನೊಬ್ಬ ಅದನ್ನು ಹಿಂದಿರುಗಿಸಿದ ಮರುದಿನವೇ ನನ್ನ ಎರಡು ಹಲ್ಲು ಉದುರಿಸಿದ.

ಇಪ್ಪತ್ತೊಂದು ಯುದ್ಧಗಳಾದವು. ಮೈದಾನದ ಹುಲ್ಲಿನ ಮೇಲೆ ಒಣಗಿದ ರಕ್ತವನ್ನು ಈಗ ಯಾರೂ ತೊಳೆಯುವುದಿಲ್ಲ. ಹದಿನಾಲ್ಕನೆಯದರಲ್ಲಿ ಎರ್ರಿಸ್ವಾಮಣ್ಣ ಎರಡೂ ಕೈ ಎತ್ತಿಕೊಂಡು ನಡುವೆ ಬಂದರು. "ಏ ಹುಡುಗ್ರಾ, ಮೆಷಿನ್ ಏನು ನಿಮ್ಮಪ್ಪಂದೇನ್ರೋ—" ಅಷ್ಟರಲ್ಲಿ ಕ್ಯೂಬ್ ಬಂದು ಮೊಣಕಾಲಿಗೆ ಬಡಿಯಿತು. ಒಣ ಬಿದಿರು ಸೀಳಿದಂಥ ಸದ್ದು. ಆಸ್ಪತ್ರೆಯಲ್ಲಿ ಆ ಕಾಲನ್ನು ತೊಡೆಯಿಂದ ಕೆಳಕ್ಕೆ ತೆಗೆದರು. ಈಗ ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕೂತು ದಿನ ಎಣಿಸುತ್ತಾರೆ. ನನ್ನನ್ನು ಚೇಷ್ಟೆ ಮಾಡುವುದನ್ನೂ ಬಿಟ್ಟಿದ್ದಾರೆ.

ನಾಳೆ ಇಪ್ಪತ್ತೊಂಬತ್ತನೇ ದಿನ. ಮೆಕ್ಯಾನಿಕಲ್‌ನವರ ಹೊಸ ಕವಣೆ ಒಂದೇ ಏಟಿಗೆ ನಲವತ್ತು ಕ್ಯೂಬ್ ಎಸೆಯುತ್ತದೆ. ಪ್ರಯೋಗದ ದಿನ ಸೈಕಲ್ ಸ್ಟ್ಯಾಂಡ್ ನೆಲಸಮವಾಯಿತು. ನಮ್ಮ ನಾಯಕಿ ನನ್ನ ಅಕ್ಕ ಪಂಪಾಕ್ಷಿ, ಕೊನೆಯ ವರ್ಷದವಳು. ಗೋಡೆ ತಡೆಯುವುದಿಲ್ಲವೆಂದು ಅವಳೇ ಲೆಕ್ಕ ಹಾಕಿದ್ದಾಳೆ. ಆದರೂ ಅದರ ಮೇಲೆ ನಿಲ್ಲುತ್ತಾಳಂತೆ. ಬೇಡವೆಂದು ಕೈ ಹಿಡಿದೆ. "ಗೋಡಿ ಬೀಳ್ತೈತಿ ಅಂತ ನನಗೂ ಗೊತ್ತೈತೋ ಬಸ್ಯಾ. ಜಜ್ಜಪ್ಪನ್ನ ಬಿಟ್ಟುಕೊಟ್ಟು ಎರ್ರಿಸ್ವಾಮಣ್ಣನ ಮುಖ ಹೆಂಗ ನೋಡ್ಲಿ?" ಎಂದಳು.

ಆದ್ದರಿಂದ, ಮಹಾಸ್ವಾಮಿಗಳೇ, ಮೆಷಿನ್ ಲಾರಿಯಿಂದ ಇಳಿದ ಕೂಡಲೇ, ಕಾಯಿ ಒಡೆಯುವುದಕ್ಕೂ ಮೊದಲು, ಅದರ ಮೇಲೆ ಬರೆಯಿರಿ: ಇದು ಸಿವಿಲ್, ಮೆಕ್ಯಾನಿಕಲ್ ಇಬ್ಬರಿಗೂ ಸೇರಿದ್ದು. ದಯವಿಟ್ಟು ಬಣ್ಣದಲ್ಲಿ ಬೇಡ. ಉಳಿ ಹಿಡಿದು ಆಳವಾಗಿ ಕೆತ್ತಿಸಿ. ಅಷ್ಟಾದರೆ ನಾಳೆ ಹತ್ತು ಗಂಟೆಗೆ ನಮ್ಮಕ್ಕ ಕ್ಲಾಸಿನಲ್ಲಿರುತ್ತಾಳೆ, ಎರ್ರಿಸ್ವಾಮಣ್ಣ ಎರಡು ಕಾಲಿನ ಮೇಲೆ ನಿಂತು ನನ್ನನ್ನು ಬೈಯುತ್ತಿರುತ್ತಾರೆ.

ಇನ್ನೊಂದು ಚಿಕ್ಕ ವಿಷಯ. ನೀವು ಬರೆಸಿದ್ದಿರಿ. ಹಳದಿ ಬಣ್ಣದಲ್ಲಿ, ದುಂಡಗೆ, ಇದೇ ಸಾಲು. ಗೋಡೆಯ ಕಡೆಗಿದ್ದ ಮಗ್ಗುಲಲ್ಲಿ ಗ್ರೀಸು ಮೆತ್ತಿಕೊಂಡು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನ್ನ ಕ್ಯೂಬ್ ಪುಡಿಯಾದ ತಪ್ಪಿಗೆ ನನಗೆ ಮೆಷಿನ್ ಒರೆಸುವ ಶಿಕ್ಷೆ ಸಿಕ್ಕಿತ್ತು, ಆಗ ಕಂಡಿತು. ಎಲ್ಲರೂ ನಕ್ಕ ಸಿಟ್ಟಿಗೆ, ಏನಾಗುತ್ತದೋ ನೋಡೋಣವೆಂದು ಅದರ ಮೇಲೆ ಬೂದು ಬಣ್ಣ ಬಳಿದೆ. ಈಗಲೂ ಉಗುರಿನಿಂದ ಕೆರೆದರೆ ಕಂಡೀತು. ಆದರೆ ಬಳಿದವರು ಯಾರೆಂದು ಅಕ್ಕ ಕೇಳುತ್ತಾಳೆ.