ತಿಪ್ಪೇರುದ್ರಪ್ಪನವರ ಮನೆ ಬಿಟ್ಟ ದಿನ

ಹರಿಹರ, 14 ಮೇ 1963, ಮಂಗಳವಾರ

ದಾವಣಗೆರೆಯ ಬಾಡಿಗೆ ಮನೆಯನ್ನು ಇವತ್ತು ಖಾಲಿ ಮಾಡಿದೆವು. ತಮ್ಮ ಮಗನ ಸಂಸಾರಕ್ಕೆ ಬೇಕೆಂದು ಮಾಲೀಕರಾದ ತಿಪ್ಪೇರುದ್ರಪ್ಪನವರು ಕೋರ್ಟಿಗೆ ಹೋಗಿದ್ದರು. ಸ್ವಂತ ವಾಸಕ್ಕಾದರೆ ಬಿಡಲೇಬೇಕೆಂದು ತೀರ್ಪಾಯಿತು. ಅವರು ಹೇಳಿದ್ದು ಸುಳ್ಳೇನಲ್ಲ.

ಗಾಡಿಗೆ ಸಾಮಾನು ಹೇರಿದ ಮೇಲೂ ನನ್ನ ಹೆಂಡತಿ ಗಿರಿಯಮ್ಮ ಹೊಸ್ತಿಲು ದಾಟಲಿಲ್ಲ. ಹೋದ ವರ್ಷ ನಮ್ಮ ಮಗಳು ತೀರಿಕೊಂಡ ನಡುಮನೆಯ ಕಡೆ ತಿರುಗಿ ಕರೆದಳು: "ಬಾರವ್ವ, ಈ ಮನೆ ಇನ್ನ ನಮ್ದಲ್ಲ. ಒಬ್ಬಾಕೆನೇ ಇರಬ್ಯಾಡ."

ಬೀಗ ಹಿಡಿದು ನಿಂತಿದ್ದ ತಿಪ್ಪೇರುದ್ರಪ್ಪನವರಿಗೆ, "ತಪ್ಪು ತಿಳೀಬ್ಯಾಡ್ರಿ" ಎಂದೆ.

"ಇರ್ಲಿ ಬಿಡ್ರಿ, ಕರೀಲಿ" ಎಂದ ಅವರು ಬಾಗಿಲಿನಿಂದ ಸರಿದು ದಾರಿ ಬಿಟ್ಟರು.

ಈಗ ಹರಿಹರದ ಹೊಸ ಮನೆಯಲ್ಲಿ ಗಿರಿಯಮ್ಮ ನಮ್ಮಿಬ್ಬರ ನಡುವೆ ಜಾಗ ಬಿಟ್ಟು ಮಲಗಿದ್ದಾಳೆ. ಮಗಳು ನಮ್ಮೊಡನೆ ಬಂದಳೋ, ಇಲ್ಲ ಆ ಬೀಗದ ಒಳಗೇ ಉಳಿದಳೋ, ತಿಳಿಯದು.